ಮೀಟರ್ ತಿರುಗಿಸಬೇಡಿ, ವೈಜಯಂತಿಯವರೇ

ಗದಗ
ಆಷಾಢದ ಕೊನೆಯ ವಾರ, ಇಸವಿ ಎರಡು ಸಾವಿರದ ನೂರಾ ಎಂಬತ್ತೊಂದು

ಹುಬ್ಬಳ್ಳಿಯ ಶ್ರೀಮತಿ ವೈಜಯಂತಿ ಕುಡಚಿ ಅವರಿಗೆ ಗದಗಿನ ಅಂದಾನೆಪ್ಪ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ಇಸವಿ ನೋಡಿ, ಯಾರೋ ಹುಡುಗಾಟ ಆಡಿದ್ದಾರೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನೀವು ಇದನ್ನು ಓದುವಾಗ ನಾನಿರಲಿ, ನನ್ನ ಮುತ್ತಜ್ಜನೂ ಹುಟ್ಟಿರುವುದಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬಂದಾವು, ನಿಮ್ಮ ಕಾಲದ ಶಬ್ದಗಳನ್ನು ನಾನು ಅಡ್ಡಾದಿಡ್ಡಿ ಬಳಸಿರಲೂಬಹುದು. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬ ಮನುಷ್ಯನಿಗೆ ಜನ್ಮಕ್ಕೆ ಒಂದೇ ಕಾಗದ. ಯುದ್ಧ ನಿಲ್ಲಿಸಿರಿ, ರಾಜ್ಯ ಉಳಿಸಿರಿ ಎಂದು ಬರೆದರೆ ಅದು ಹಾಗೇ ವಾಪಸ್ಸು ಬರುತ್ತದೆ. ಸಣ್ಣ ಮಾತಾದರೆ ಹೋಗಿ ಮುಟ್ಟುತ್ತದೆ. ನನ್ನದು ಸಣ್ಣ ಮಾತು. ನಿಮ್ಮ ಮೋಟರ್‌ಸೈಕಲ್ ಈಗ ನನ್ನ ಹತ್ತಿರ ಇದೆ, ಅದರ ವಿಷಯವಾಗಿಯೇ ಬರೆಯುತ್ತಿದ್ದೇನೆ.

ನನಗೊಬ್ಬ ಅಕ್ಕ ಇದ್ದಾಳೆ, ಗುರವ್ವ. ಎಪ್ಪತ್ತಾರು ವರ್ಷದವಳು. ಮಲಪ್ರಭೆಯ ಆಚೆ, ದೂರದ ಒಂದು ಹಳ್ಳಿಗೆ ಕೊಟ್ಟ ಹೆಣ್ಣುಮಗಳು. ಪಂಚಮಿಗೆ ಅಣ್ಣನೋ ತಮ್ಮನೋ ಖುದ್ದಾಗಿ ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ ಪದ್ಧತಿ ನಿಮ್ಮಲ್ಲಿ ಇತ್ತಲ್ಲ, ನಮ್ಮಲ್ಲಿ ಇನ್ನೂ ಇದೆ. ಏನೇನೋ ಹೋಯಿತು, ಅದು ಹೋಗಲಿಲ್ಲ. ಪ್ರತಿ ವರ್ಷ ನಮ್ಮ ಹಿರಿಯಣ್ಣ ಶಿವಯೋಗಪ್ಪ ಹೋಗಿ ಅವಳನ್ನು ಕರೆತರುತ್ತಿದ್ದ. ಅವನು ತೀರಿಕೊಂಡ ಮೇಲೆ ಯಾರೂ ಹೋಗಿಲ್ಲ. ನಾನು ಹೋಗಬೇಕಿತ್ತು, ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅಕ್ಕ ಪ್ರತಿ ಪಂಚಮಿಗೂ ಒಂದು ದನಿಯೋಲೆ ಕಳಿಸುತ್ತಾಳೆ. ದನಿಯೋಲೆ ಎಂದರೆ ಬಾಯಿಂದ ಹೇಳಿ ಕಳಿಸುವ ಪತ್ರ. ಹೋದ ವರ್ಷದ್ದು ಹೀಗಿತ್ತು: "ನೀ ಬರಬ್ಯಾಡೋ ಅಂದಾನಿ, ನನಗೇನ್ ಕಡಿಮಿ ಆಗೇದ? ಉಂಡಿ ನಾನs ಕಟ್ಕೊಂಡು ನಾನs ತಿಂತೀನಿ. ನಿಮ್ಮ ಮನಿ ಜೋಕಾಲಿಗೆ ಬೆಂಕಿ ಹಚ್ಚಿರಿ." ಅವಳ ಸಿಟ್ಟು ನನಗೆ ಹುಟ್ಟಿದಾಗಿನಿಂದ ಗೊತ್ತು. ಅತ್ತು ಮುಗಿಸಿದ ಮೇಲೇ ಅವಳು ಹಾಗೆ ಬಯ್ಯುವುದು.

ಈ ಸಲ ಹೋಗಲೇಬೇಕಾದ ಕಾರಣವೊಂದಿದೆ. ಪಂಚಮಿ ಮುಗಿದ ಕೂಡಲೇ ಹೊಳೆಯ ಹಳೇ ಸೇತುವೆಯನ್ನು ಕಳಚಿಬಿಡುತ್ತಾರೆ. ಆಚೆಯ ಊರುಗಳಿಗೆ ಬೇರೆ ದಿಕ್ಕಿನಿಂದ ದಾರಿ ಮಾಡುತ್ತಾರಂತೆ, ಅದಕ್ಕೆ ಐದಾರು ವರ್ಷ ಬೇಕಂತೆ. ಎಪ್ಪತ್ತಾರರ ಮುದುಕಿಗೆ ಐದಾರು ವರ್ಷ ತಡೆ ಎಂದು ಯಾವ ಬಾಯಿಂದ ಹೇಳಲಿ? ಈ ಸಲ ತಪ್ಪಿದರೆ ಅಕ್ಕ ಇನ್ನು ತವರಿನ ಹೊಸ್ತಿಲು ತುಳಿಯುವುದಿಲ್ಲ.

ಇಷ್ಟು ಮುಂದುವರಿದ ಕಾಲದಲ್ಲಿ ಒಬ್ಬ ಹೆಣ್ಣುಮಗಳನ್ನು ಕರೆತರಲು ಇಷ್ಟು ತ್ರಾಸೇ ಎಂದು ನೀವು ಕೇಳಬಹುದು. ನಮ್ಮ ಗಾಡಿಗಳೆಲ್ಲ ನೂಲುದಾರಿಯ ಮೇಲೆ ಓಡುತ್ತವೆ. ದಾರಿಯ ಹೊಟ್ಟೆಯೊಳಗೆ ನೂಲಿನಂಥ ತಂತಿ ಹಾಕಿರುತ್ತಾರೆ, ಗಾಡಿ ಅದನ್ನು ಹಿಡಿದು ತಾನೇ ಹೋಗುತ್ತದೆ, ಒಳಗಿನವರು ಮಲಗಿ ಗೊರಕೆ ಹೊಡೆಯುತ್ತಾರೆ. ತಂತಿ ಇಲ್ಲದ ಹಳೇ ಡಾಂಬರು ರಸ್ತೆಗೆ ಬಿಟ್ಟದಾರಿ ಎನ್ನುತ್ತೇವೆ. ಅಕ್ಕನ ಊರು ಬಿಟ್ಟದಾರಿಯ ಊರು. ಅಲ್ಲಿಗೆ ಹೋಗಲು ಹ್ಯಾಂಡಲ್ ಇರುವ, ಕೈಯಿಂದ ಓಡಿಸುವ ಗಾಡಿಯೇ ಬೇಕು. ಹಿಂದೆ ಹೊಚ್ಚಹೊಸ ಗಾಡಿಗಳನ್ನು ಮಾಡಿ ಬಿಟ್ಟದಾರಿಗೆ ಬಿಟ್ಟರು. ಮಿರಿಮಿರಿ ಮಿಂಚುತ್ತಿದ್ದವು, ನಡುದಾರಿಯಲ್ಲಿ ಕೈಕೊಟ್ಟವು. ನೀರೂ ನೆರಳೂ ಇಲ್ಲದ ಎರೆಹೊಲದ ನಡುವೆ ಸಿಕ್ಕಿಬಿದ್ದು ಜನ ಸತ್ತರು. ಅಂದಿನಿಂದ ಹೊಸ ಗಾಡಿಯನ್ನು ನಮ್ಮವರು ನಂಬುವುದಿಲ್ಲ. ಲಕ್ಷ ಕಿಲೋಮೀಟರ್ ಓಡಿ ಬದುಕಿದ ಗಾಡಿಯೇ ಗಾಡಿ. ಅಷ್ಟು ಸವೆಯದ್ದನ್ನು, ಬಿಟ್ಟದಾರಿ ಶುರುವಾಗುವ ಹೊಳೆಯ ಸೇತುವೆಯ ಗೇಟಿನಲ್ಲಿ ಒಳಗೆ ಬಿಡುವುದೂ ಇಲ್ಲ. ನಿಮ್ಮಲ್ಲಿ ಕಳ್ಳರು ಮೀಟರನ್ನು ಹಿಂದಕ್ಕೆ ತಿರುಗಿಸುತ್ತಿದ್ದರಂತೆ. ನಮ್ಮ ಕಳ್ಳರು ಮುಂದಕ್ಕೆ ತಿರುಗಿಸುತ್ತಾರೆ! ಆರು ಸಾವಿರ ಓಡಿದ ಎಳೆಗರುವಿಗೆ ಎರಡು ಲಕ್ಷದ ಮುಪ್ಪು ಬರಿಸಿ ಸಂತೆಗೆ ಹೊಡೆಯುತ್ತಾರೆ.

ಹಾಗಾಗಿಯೇ ನಮ್ಮ ವ್ಯಾಪಾರದಲ್ಲಿ ಒಂದು ರಿವಾಜು ಬೆಳೆದಿದೆ. ಮಾರುವವನು ಮೀಟರಿಗೆ ಬಟ್ಟೆ ಕಟ್ಟಿ ಗಾಡಿ ತೋರಿಸುತ್ತಾನೆ. ಕೊಳ್ಳುವವನು ಮೈ ನೋಡಿ, ದನಿ ಕೇಳಿ ತೀರ್ಮಾನಿಸಬೇಕು. ಮಾತು ಮುಗಿಯುವ ಮೊದಲು ಬಟ್ಟೆ ಎತ್ತಿದರೆ ಮಾರುವವನನ್ನು ಕಳ್ಳ ಎಂದು ಕರೆದಂತೆ. ಬದಲಿಗೆ ಅವನು ಟ್ಯಾಂಕಿನ ಮೇಲೆ ಕೈಯಿಟ್ಟು ಗಾಡಿಯ ಕುಂದುಗಳನ್ನೆಲ್ಲ ಒಪ್ಪಿಸಬೇಕು, ತನ್ನ ಕಾಲದವಷ್ಟೇ ಅಲ್ಲ, ಹಿಂದಿನ ಒಡೆಯರು ತನಗೆ ಹೇಳಿದವನ್ನೂ. ಕುಂದೇ ಇಲ್ಲ ಎನ್ನುವವನ ಹತ್ತಿರ ನಾಯಿಯೂ ಸುಳಿಯುವುದಿಲ್ಲ.

ಡಂಬಳದಲ್ಲಿ ಹಳೇ ಗಾಡಿ ಮಾರುವ ಮಾಬುಸಾಬನ ಅಂಗಳದಲ್ಲಿ ನಿಮ್ಮ ಗಾಡಿ ಕಂಡೆ. ಬಿಸಿ ಮಾಡಿಟ್ಟ ಎಂಜಿನ್ ಎಂಥ ರೋಗವನ್ನಾದರೂ ಮುಚ್ಚುತ್ತದೆ, ಅದಕ್ಕೇ ಮೊದಲು ಎಂಜಿನ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಕಿಕ್ ಹೊಡೆದೆ. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು, ಆಮೇಲೆ ನೆಟ್ಟಗೆ ನಿಂತಿತು. ಈಗ ಅದು ದಂಟೆಣ್ಣೆ ಕುಡಿಯುತ್ತದೆ, ಜೋಳದ ದಂಟಿನಿಂದ ಇಳಿಸಿದ್ದು, ನಿಮ್ಮ ಪೆಟ್ರೋಲಿನ ಬದಲಿಗೆ. ಹೊಗೆ ನೋಡಿದೆ, ನೀಲಿ ಇರಲಿಲ್ಲ. ಹಿಂದಿನ ಗಾಲಿ ಹಿಡಿದು ಅಲುಗಿಸಿದೆ, ಆಟ ಕೊಡಲಿಲ್ಲ. ಚೈನು ಹೊಸದು. ಆದರೆ ಹ್ಯಾಂಡಲಿನ ಎಡಹಿಡಿಯಲ್ಲಿ ಒಂದು ಹೆಬ್ಬೆರಳು ಕೂರುವಷ್ಟು ತಗ್ಗು ಬಿದ್ದಿತ್ತು, ಟ್ಯಾಂಕಿನ ಎರಡೂ ಪಕ್ಕದಲ್ಲಿ ಮೊಣಕಾಲು ತಾಗಿ ತಾಗಿ ಬಣ್ಣ ಹೋಗಿ ಕಬ್ಬಿಣ ಕಾಣುತ್ತಿತ್ತು. ಆ ತಗ್ಗಿನಲ್ಲಿ ನನ್ನ ಹೆಬ್ಬೆರಳಿಟ್ಟೆ. ಅದು ನಿಮ್ಮದು ಎಂದು ಆಗ ಗೊತ್ತಿರಲಿಲ್ಲ.

ಮಾಬುಸಾಬ ಕೈಯಿಟ್ಟು ಶುರು ಮಾಡಿದ. "ಕೇಳ್ರಿ ಅಣ್ಣಾರ. ಬಲಗಡಿ ಫುಟ್‌ರೆಸ್ಟ್ ಬಾಗೇದ, ಹಿಮಾಲಯದ ಸ್ಪಿತಿ ಅನ್ನೂ ಕಣಿವ್ಯಾಗ ಕಲ್ಲಿಗೆ ಬಡದದ್ದು. ಸೈಲೆನ್ಸರ್ ಒಮ್ಮೆ ಸೀಳೇದ, ರಾಮೇಶ್ವರದ ಉಪ್ಪಗಾಳಿಗೆ ತುಕ್ಕು ಹಿಡದು. ಮೊದಲ ಒಡತಿ ಹುಬ್ಬಳ್ಳಿ ವೈಜಯಂತಿಬಾಯಾರು. ಒಬ್ಬಾಕೀನ ದೇಶ ತಿರುಗಿದಾಕಿ. ಭುಜ ಬಿದ್ದು ಹೋತಂತ ಮಾರಾಕ ನಿಂತ್ರು. ಇಷ್ಟು ಓಡಿದ್ದು ಯಾರು ತಗೋತಾರ ಅಂತ ದಲ್ಲಾಳಿ ಹೇಳಿದಾಗ, ಏನರ ಮಾಡ್ಕೋರಿ ಅಂತ ಆ ಕಡಿ ಮಾರಿ ತಿರುಗಿಸಿ ಕುಂತ್ರಂತ. ಅಂವ ಲಕ್ಷ ದಾಟಿದ್ದ ಅಂಕಿ ಹಿಂದಕ್ಕ ತಿರುಗಿಸಿದ. ಮುಂದ ತಗೊಂಡಾಂವಗ ತಾವs ಹೋಗಿ ಖರೇ ಹೇಳಿ ಅತ್ರಂತ. ಅಲ್ಲಿಂದ ಇಲ್ಲೀತನಕ ಬಾಯಿಂದ ಬಾಯಿಗೆ ಬಂದದ್ದು ಹೇಳೀನಿ. ಮೀಟರ್ ಸುಳ್ಳದ, ಗಾಡಿ ಖರೇ."

ನನ್ನ ಸ್ವಭಾವ ನಮ್ಮ ಮನೆಯಾಕೆಗೆ ಗೊತ್ತು, ನಿಮಗೂ ಹೇಳಿಬಿಡುತ್ತೇನೆ: ತಲೆ ಬಿಸಿಯಾದರೆ ಕಿವಿ ಮುಚ್ಚಿಕೊಳ್ಳುತ್ತವೆ. "ನನಗ ಅಂಕಿ ಕಟ್ಕೊಂಡು ಏನಾಗಬೇಕಾಗೇದ, ಗಾಡಿ ಕೊಡೋ ಮಾರಾಯಾ" ಎಂದು ಕೈ ಮೇಲೆ ಕೈ ಹಾಕಿಬಿಟ್ಟೆ. ಬಟ್ಟೆ ಬಿಚ್ಚಿದಾಗ ಮೀಟರಿನ ಹಳೇ ಅಂಕಿಗಾಲಿಗಳಲ್ಲಿ ಎಪ್ಪತ್ತೊಂದು ಸಾವಿರ ಇತ್ತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಇಂಥ ಸವೆತ ಕಣ್ಣಿಗೆ ಕಾಣುವಾಗ ಗೇಟಿನವರು ಅಂಕಿ ಹಿಡಿದು ಕೂರುತ್ತಾರೆಯೇ ಎಂದುಕೊಂಡೆ.

ಕೂತರು. ಮಾಬುಸಾಬನ ಅಂಗಳದಲ್ಲೇ ಬಿದ್ದೆದ್ದು ಗಾಡಿ ಕಲಿತು, ಮೊನ್ನೆ ಗೇಟಿಗೆ ಹೋಗಿ ನಿಂತೆ. ಅಲ್ಲಿ ರೇಣವ್ವ ಎಂಬ ಹುಡುಗಿ ಇರುತ್ತಾಳೆ, ಒಳ್ಳೆಯವಳು. ಎಡಹಿಡಿಯ ತಗ್ಗು ನೋಡಿದಳು, ಟ್ಯಾಂಕು ಸವರಿದಳು, ನಾನು ಒಪ್ಪಿಸಿದ ಕುಂದುಗಳನ್ನೆಲ್ಲ ಕೇಳಿದಳು. ಕೊನೆಗೆ ಹೇಳಿದಳು: "ನಿಮ್ಮ ಮಾತು ನಾ ನಂಬ್ತೀನಿ ಕಾಕಾ. ಆದ್ರ ಹೋದ ವರ್ಷ ಹಿಂಗs ಒಬ್ರ ಮಾತು ನಂಬಿ ಒಳಗ ಬಿಟ್ಟೆ. ಗಾಡಿ ನಿಂತು, ಕೂಸು ಹೋತು. ಮೀಟರ್ ಲಕ್ಷ ತೋರಿಸಿದ್ರಷ್ಟs ಗೇಟ್ ತಗೀತೀನಿ." ನಾನು ಕೂಗಾಡಿದೆ, ಬೈಗುಳದಲ್ಲಿ ಅವಳ ಅಪ್ಪ ಅಮ್ಮನನ್ನೂ ಎಳೆದು ತಂದೆ. ಅವಳು ಅಳುತ್ತ ನಿಂತಳೇ ಹೊರತು ಗೇಟು ತೆಗೆಯಲಿಲ್ಲ. ಮರಳಿ ಬರುವಾಗ ಅವಳದೇ ಸರಿ ಎನ್ನಿಸಿತು. ಅದು ಇನ್ನೂ ಹೆಚ್ಚು ಹೊಟ್ಟೆ ಉರಿಸಿತು.

ಬೇರೆ ಗಾಡಿ ಹುಡುಕಿದೆ. ಪಂಚಮಿ ಹತ್ತಿರ ಬಂತೆಂದರೆ ಸವೆದ ಗಾಡಿ ಹುಲಿಯ ಹಾಲಿಗಿಂತ ದುರ್ಲಭ. ಇದ್ದವರೆಲ್ಲ ತಮ್ಮ ತಮ್ಮ ಅಕ್ಕತಂಗಿಯರನ್ನು ಕರೆಯಲು ಹೊರಟವರೇ. ಮೀಟರನ್ನು ಮುಂದಕ್ಕೆ ತಿರುಗಿಸಿ ಕೊಡುವವನೂ ಸಿಕ್ಕ. "ಇದ್ದದ್ದನ್ನs ಬರಿಯೂದಲ್ಲೇನ್ರಿ ಅಣ್ಣಾರ, ಇದು ಪಾಪ ಹೆಂಗಾಗ್ತದ" ಎಂದ. ಮಾತು ಸುಳ್ಳೇನಲ್ಲ. ಆದರೆ ಒಮ್ಮೆ ಬಿಚ್ಚಿ ತಿರುಗಿಸಿದ ಮೀಟರು ಯಾವ ಅಂಕಿ ತೋರಿಸಿದರೂ ಸುಳ್ಳೇ, ಅಕ್ಕನನ್ನು ಸುಳ್ಳಿನ ಮೇಲೆ ಕೂರಿಸಿಕೊಂಡು ತವರಿಗೆ ತರಲು ಮನಸ್ಸು ಬರಲಿಲ್ಲ. ಅದಕ್ಕೇ ಜನ್ಮಕ್ಕೊಂದೇ ಇದ್ದ ಕಾಗದವನ್ನು ತೆಗೆದು ನಿಮಗೆ ಬರೆಯಲು ಕೂತೆ.

ದಲ್ಲಾಳಿ ನಿಮ್ಮ ಮನೆಗೆ ಬರುವ ಮುಂಚೆ ಇದು ನಿಮ್ಮ ಕೈಗೆ ಸೇರುತ್ತದೆ ಎಂದು ಹಿಂದಂಚೆಯವರು ಹೇಳಿದ್ದಾರೆ. ಅವನು ಸ್ಕ್ರೂಡ್ರೈವರ್ ಹಿಡಿದು ಕೇಳುತ್ತಾನೆ. ಬೇಡ ಎನ್ನಿ. ಅಷ್ಟೇ ನನ್ನ ಬೇಡಿಕೆ. ಬೇಡ ಎಂದರೆ ಗಾಡಿ ಬೇಗ ಹೋಗುವುದಿಲ್ಲ, ಬಂದವರೆಲ್ಲ ಅಂಕಿ ನೋಡಿ ಮೂಗು ಮುರಿಯುತ್ತಾರೆ, ನನಗೆ ಗೊತ್ತು. ನೋಯುವ ಭುಜದೊಂದಿಗೆ ದಿನಾ ಬಾಗಿಲಲ್ಲಿ ನಿಂತು ಅಪರಿಚಿತರಿಗೆ ಜವಾಬು ಕೊಡುವುದು ಸುಲಭವಲ್ಲ. ಆದರೂ ಆ ಅಂಕಿ ನಿಮ್ಮದು, ತಾಯಿ. ಸ್ಪಿತಿಯ ಕಲ್ಲು, ರಾಮೇಶ್ವರದ ಗಾಳಿ, ಒಬ್ಬಳೇ ಹೋದ ಅಷ್ಟೂ ದಾರಿ ಅದರೊಳಗಿದೆ. ಅದರಲ್ಲಿ ನಾಚುವಂಥದ್ದು ಏನಿದೆ? ನಾನಾಗಿದ್ದರೆ ಊರ ತುಂಬ ಡಂಗುರ ಹೊಡೆಯುತ್ತಿದ್ದೆ. ಹೆಚ್ಚು ಓಡಿದ್ದೇ ಬೇಕೆನ್ನುವ ಗಿರಾಕಿ ನಿಮಗೊಬ್ಬ ಇದ್ದಾನೆ, ಸ್ವಲ್ಪ ತಡವಾಗಿ ಹುಟ್ಟಿದ್ದಾನೆ ಅಷ್ಟೇ.

ಇಷ್ಟು ಬರೆದು ಕಾಗದ ಮಡಿಸುವಾಗ ಅಕ್ಕನ ದನಿಯೋಲೆ ಬಂತು. ಗಾಡಿ ಕೊಂಡ ಸುದ್ದಿ ಅವಳಿಗೆ ಹೇಗೋ ಮುಟ್ಟಿದೆ, ಗೇಟಿನ ಸುದ್ದಿ ಮುಟ್ಟಿಲ್ಲ. ಈ ಸಲ ಬೈಗುಳವಿಲ್ಲ. ಮೆಲ್ಲಗೆ, ಪಕ್ಕದಲ್ಲಿ ಯಾರಿಗೂ ಕೇಳಬಾರದೆಂಬಂತೆ ಕೇಳಿದ್ದಾಳೆ: "ಅಂದಾನಿ, ಗಾಡಿ ಮ್ಯಾಲ ಹೆಂಗ ಕೂಡಬೇಕಪಾ? ಕಾಲು ಒಂದs ಕಡಿ ಬಿಡಬೇಕೋ, ಎರಡೂ ಕಡಿನೋ? ಹೇಳು, ಹಂಗ ಸೀರಿ ಉಟ್ಕೊಂಡಿರ್ತೀನಿ."

ನಾನಿನ್ನೂ ಉತ್ತರ ಕಳಿಸಿಲ್ಲ. ಅವಳಿಗೆ ಏನು ಹೇಳಲಿ, ವೈಜಯಂತಿಯವರೇ?

ಇಂತಿ,
ಅಂದಾನೆಪ್ಪ ಹೊಂಬಳ