ಮೆಟ್ಟಿಲ ಮೇಲಿನ ಮೀನು

ಮಾರ್ಚ್ 4, ಬೆಳಿಗ್ಗೆ
ಅಕ್ಕ ಏಳಕ್ಕೆ ಹೊರಟಳು. ಕೆಳಗೆ ದಡದಲ್ಲಿ ದೋಣಿಯ ಟಿಕೆಟ್ ಕೊಡುವ ಕೆಲಸ. ನೂರಹದಿನೆಂಟು ಮೆಟ್ಟಿಲು. ಅವಳಿಗೆ ಕಣ್ಣು ಮಂಜು. ಕಲ್ಲಿನ ಅಂಚು ಕಂಡರೆ ಸಾಕು, ಯಾರ ಸಹಾಯವೂ ಬೇಡ. ಬೀದಿಯ ಸಂಘದವರಿಗೆ ಮಾತ್ರ ಮೆಟ್ಟಿಲು "ಕಳೆಗುಂದಿದೆ". ಸಂಜೆ ಸಭೆಯಂತೆ.

ಸಂಜೆ 7
ಅಧ್ಯಕ್ಷ ನಿವೃತ್ತ ಹಲ್ಲಿನ ಡಾಕ್ಟರು. ಇಷ್ಟು ವರ್ಷ ಊರವರ ಬಾಯಿ ತೆರೆಸಿದವನು, ಈಗ ತನ್ನದನ್ನು ಮುಚ್ಚುವುದಿಲ್ಲ. ಮೆಟ್ಟಿಲ ತುಂಬ ಒಂದೇ ದೊಡ್ಡ ಮೀನು ಬರೆಸುತ್ತಾರಂತೆ. ಫೋಟೋಗೆ ಜನ ಬರುತ್ತಾರಂತೆ. ಒಪ್ಪಿದವರು ಕೈ ಎತ್ತಿ ಎಂದ. ಕುರಿಗಳಂತೆ ಎಲ್ಲರೂ ಎತ್ತಿದರು.
ನಾನೂ. ಓದುತ್ತಿದ್ದ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅನುವಾದ ಹದವಾಗಿತ್ತು—ಅಪರೂಪ—ಬೇಗ ಮನೆಗೆ ಬರಬೇಕಿತ್ತು.

ಮಾರ್ಚ್ 19
ಮೀನು ಮುಗಿಯಿತು. ಮೂತಿ ಅಧ್ಯಕ್ಷನದೇ. ಯಾವುದು ಅಂಚು, ಯಾವುದು ಕಾಲಿಡುವ ಜಾಗ... ಎಲ್ಲ ಒಂದೇ ನೀಲಿ. ಫೋಟೋಗೆ ಅಡ್ಡವೆಂದು ಹಿಡಿಕಂಬಿಯನ್ನೂ ಕಿತ್ತಿದ್ದಾರೆ.
ಅಕ್ಕ ಮೇಲೆ ನಿಂತು ಕಾಲಿನಿಂದ ತಡಕಿದಳು.
"ಇದೇನೋ, ಜಾರುಬಂಡೆ ಮಾಡಿಟ್ಟಿದ್ದಾರೆ?"
"ಕೈ ಹಿಡ್ಕೊ."
"ಹಿಡ್ಕೊಳ್ಳೋಕೆ ನಾನೇನು ಮದುಮಗಳಾ? ಯಾವ ಕತ್ತೆಗಳೋ ಇದಕ್ಕೆ ಒಪ್ಪಿದ್ದು?"


ಮಾರ್ಚ್ 20
ಕುಳಿತುಕೊಂಡೇ ಇಳಿದಳು. ಒಂದೊಂದೇ ಮೆಟ್ಟಿಲು. ಫೋಟೋದವರು, "ಆಂಟಿ, ಸ್ವಲ್ಪ ಪಕ್ಕಕ್ಕೆ" ಎಂದರಂತೆ.

ಮಾರ್ಚ್ 27
ನಾಲ್ಕು ದಿನದಿಂದ ಅಕ್ಕ ಕೆಲಸಕ್ಕೆ ಹೋಗಿಲ್ಲ. ಮಂಡಿನೋವಂತೆ. ಸುಳ್ಳು. ಸೋಮವಾರದೊಳಗೆ ಬರದಿದ್ದರೆ ಬೇರೆಯವರನ್ನು ಕೂರಿಸುತ್ತೇವೆಂದು ದೋಣಿಯವರು ಫೋನ್ ಮಾಡಿದ್ದರು.
ಅಧ್ಯಕ್ಷನ ಮನೆಗೆ ಹೋದೆ. ಅಂಚಿಗೊಂದು ಬಿಳಿ ಗೆರೆ, ಅಷ್ಟೇ ಕೇಳಿದ್ದು.
"ಮೀನಿಗೆ ಯಾರಾದ್ರೂ ಪಟ್ಟೆ ಎಳೀತಾರೇನ್ರೀ? ಅಲ್ಲಾ, ನೀವೂ ಕೈ ಎತ್ತಿದ್ರಲ್ಲ!"
ರಿಜಿಸ್ಟರ್ ತೆರೆದು ನನ್ನ ಸಹಿ ತೋರಿಸಿದ. ದುಂಡಗಿನ ಅಕ್ಷರ. ಎಲ್ಲರಿಗಿಂತ ಅಚ್ಚುಕಟ್ಟು. ಥೂ.
ಮನೆಗೆ ಬಂದು ಅಕ್ಕನಿಗೆ ಹೇಳಿಬಿಟ್ಟೆ.
"ಹೋಗು. ಓದ್ಕೋ ಹೋಗು."
ಓದಲಿಲ್ಲ.

ಮಾರ್ಚ್ 30, ಸೋಮವಾರ, ಬೆಳಿಗ್ಗೆ 6.40
ಐದಕ್ಕೇ ಶುರು ಮಾಡಿದೆ. ಮೇಲಿನಿಂದ, ಬಾಲದ ಕಡೆಯಿಂದ. ನಲವತ್ತು ಮೆಟ್ಟಿಲಿಗೆ ಗೆರೆ ಬಿತ್ತು. ಸೊಂಟ ಬಿದ್ದುಹೋಗಿದೆ. ಬಣ್ಣದ ಎರಡನೇ ಡಬ್ಬಕ್ಕೆಂದು ಮನೆಗೆ ಬಂದರೆ ಅಕ್ಕ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ.
"ಒಣಗಿತೇನೋ?"
"ನಲವತ್ತೇ ಆಗಿರೋದು."
"ಅಲ್ಲಿವರೆಗೆ ಇಳೀತೀನಿ. ಆಮೇಲೆ ನೀನು ಬಳೀತಾ ಹೋಗು, ನಾನು ಹಿಂದೆ ಬರ್ತೀನಿ. ಬರೆದಿದ್ದು ಸಾಕು, ಏಳು ಮೇಲೆ."
ಹೊರಗೆ ಅಧ್ಯಕ್ಷನ ಕೂಗು. ಯಾರವನು, ಯಾರವನು ಅಂತ. ಹೋಗಿ ನಾನೇ ಅಂತ—