ಬ್ರೇಕಿಗೆ ಹಾಕಿದ ಹರಳೆಣ್ಣಿ

ಮೂಕಪ್ಪಾ,

ನಾ ಮೊದಲನೇ ಬಸ್ಸಿಗೆ ಗದಗಕ್ಕ ಹೊಂಟೇನಿ, ಹೊಸಾ ಬ್ರೇಕ್ ಪಟ್ಟಿ ತರಾಕ. ನಾ ಬರೋತನಾ ಕಾರು ಅಂಗಳ ದಾಟಬಾರದು. ಗಾಲಿಗೆ ಕಲ್ಲು ಇಟ್ಟೇನಿ, ತೆಗೀಬ್ಯಾಡ.

ಮೊನ್ನಿ ಇಬ್ಬರೂ ಕುಂತು ಸವೆದ ಪಟ್ಟಿ ಕಿತ್ತು, ಹೊಸಾವು ರಿವೀಟ್ ಬಡದು ಕೂಡಿಸಿದ್ವಿ. ಕಿರ್ ಅಂತಾವಂತ ನೀ ಅವಕ್ಕ ಹರಳೆಣ್ಣಿ ಸುರುವಿದಿ. ಚಕ್ಕಡಿ ಅಚ್ಚಿಗೆ ಎಣ್ಣಿ ಬೇಕು, ಖರೆ. ಬ್ರೇಕಿಗೆ ಎಣ್ಣಿ ಮುಟ್ಟಿದ್ರ ಅದು ಹಿಡಿಯಂಗಿಲ್ಲೋ ತಮ್ಮಾ. ನಿನ್ನಿ ಕೆರಿ ಇಳಿಜಾರದಾಗ ಎಷ್ಟು ತುಳದ್ರೂ ಕಾರು ನಿಲ್ಲಲಿಲ್ಲ. ಜಾಲಿಕಂಟಿಗೆ ಬಡದು ನಿಂತಿತು.

ನಾಡು ಒಂದಾತಂತ ಇವತ್ತ ಮೆರವಣಿಗಿ ಐತಿ. ಭುವನೇಶ್ವರಿ ಫೋಟೋ ಇಡಾಕ ಕಾರು ಕೊಡಂತ ಹಿರ್ಯಾರು ಬರ್ತಾರ. ಅಣ್ಣ ಬೈತಾನಂತ ನನ್ನ ಹೆಸರ ಹೇಳು. ಚಕ್ಕಡಿನೂ ಕೊಡಬ್ಯಾಡ.

ತಂಗಿ ದೇವವ್ವಗ ದಿನಾ ತುಂಬ್ಯಾವ. ನೋವು ಬಂದ್ರ, ಅಕಿ ಎಷ್ಟ ಚೀರಿದ್ರೂ ಕಾರಿನ ಕಡೆ ಹೋಗಬ್ಯಾಡ. ಚಕ್ಕಡಿಯೊಳಗ ಹುಲ್ಲು ಹಾಸಿ, ಮ್ಯಾಲೆ ಕೌದಿ ಹಾಕಿ ಇಟ್ಟೇನಿ. ಸಾವಕಾಶ ಹೊಡಕೊಂಡು ದವಾಖಾನಿಗೆ ಹೋಗು.

ಒಳ್ಳೇದಕ್ಕಂತನ ಎಣ್ಣಿ ಹಾಕಿದಿ, ಗೊತ್ತೈತಿ. ಆದ್ರೂ ನನ್ನ ಸಿಟ್ಟು ಇನ್ನೂ ಇಳದಿಲ್ಲ.

ಎತ್ತಾದ್ರ ನೀ ‘ಹೋ’ ಅಂದ್ರ ನಿಂದರ್ತಾವ.

ತಿರಕಪ್ಪ