ತೊಳೆದ ಕಂಬಳಿ

ಶನಿವಾರ, ೧೧ ಅಕ್ಟೋಬರ್ ೨೦೨೫

ಕಾಲೇಜಿನ ಮ್ಯೂಸಿಯಂಗೆ ಕೊಡುವ ಮುಂಚೆ ಅಜ್ಜನ ಕಂಬಳಿಯನ್ನು ಹಾಸ್ಟೆಲ್ಲಿನಲ್ಲಿ ತೊಳೆದಿದ್ದೆ. ಯಾರಿಗೂ ಹೇಳಿಲ್ಲ. ಕುರಿ ಸ್ಮೆಲ್ ಎಂದು ರೂಮ್‌ಮೇಟ್ ಸಾಕ್ಷಿ ಮೂಗು ಮುಚ್ಚಿಕೊಂಡಳು, ನನಗೆ ನಾಚಿಕೆಯಾಯಿತು. ಎರಡು ಸಲ ಸೋಪಿನ ಪುಡಿ, ಮೇಲೆ ಕಂಡಿಷನರ್.

ಇವತ್ತು ಅದನ್ನು ನೋಡಲೆಂದೇ ಅಜ್ಜ ಖಾನಾಪುರದಿಂದ ಬಂದ. ಮ್ಯೂಸಿಯಂ ನೋಡಿಕೊಳ್ಳುವ ಗಂಗಾದೇವಿ ಮ್ಯಾಮ್ ಗಾಜಿನ ಪೆಟ್ಟಿಗೆ ತೆರೆದರು. ಅಜ್ಜ ಮುಟ್ಟಿದ, ಮೂಸಿದ.

"ಇದು ನಂದಲ್ರೀ ಬಾಯಾರ. ನಂದು ಹುಣಸಿ ಬೀಜದ ಗಂಜಿ ಹಾಕಿ ಖಡಕ್ ಮಾಡಿದ್ದು. ಕಣಕುಂಬಿ ಕಾಡಿನ ಮಳ್ಯಾಗ ಒಂದು ಹನಿ ಒಳಗ ಬಿಟ್ಟಿಲ್ಲ. ಹುಟ್ಟಿದ ಮರಿ ಸುತ್ತಿದ ಕಲಿ ಇದ್ದುವು. ಇದು ಮದಲಗಿತ್ತಿ ಹಂಗ ಘಮ್ ಅಂತೈತಿ!"

ಮ್ಯಾಮ್ ಮುಖ ಸಪ್ಪಗಾಯಿತು. ರಿಜಿಸ್ಟರ್ ತಿರುವಿ ಹಾಕಿದರು.

"ಕುಂದರ್ರಿ ಅಜ್ಜಾರ. ಎಲ್ಲೋ ಅದಲುಬದಲಾಗೇತಿ. ಆ ಕಲಿ, ಆ ವಾಸನೀನ ನಮಗ ಬೇಕಾಗಿದ್ದು. ಬರೇ ಕಂಬಳಿ ನೋಡಾಕ ಅಂಗಡಿಗೆ ಹೋದ್ರ ಸಾಕಲ್ರಿ, ಮ್ಯೂಸಿಯಂ ಯಾಕ?"

ನಾನು ಪಕ್ಕದಲ್ಲೇ ಇದ್ದೆ. ಆ ಮರಿಯ ಕಲೆಯನ್ನು ನಾನೇ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದಿದ್ದೆ. ಅಜ್ಜನ ಅಷ್ಟು ವರ್ಷಗಳು ಬಕೆಟ್ಟಿನ ಕಪ್ಪು ನೀರಾಗಿ ಹೋದವು.

ಬಸ್ ಹತ್ತುವಾಗ ಅಜ್ಜ ತಲೆ ಸವರಿ, "ಮನಸಿಗೆ ಹಚ್ಕೋಬ್ಯಾಡವಾ, ನೀ ಏನ್ ಮಾಡಾಕ ಆಗ್ತೈತಿ" ಎಂದ. ಮ್ಯಾಮ್ ಮೇಲೆಯೇ ಅವನಿಗೆ ಅನುಮಾನ.

ಈಗ ಮ್ಯಾಮ್ ಮೆಸೇಜ್ ಬಂದಿದೆ. ಸೋಮವಾರ ಇಡೀ ಸ್ಟೋರ್ ರೂಮ್ ಹುಡುಕುತ್ತಾರಂತೆ. ಅಜ್ಜನಿಗೆ ಸಾರಿ ಹೇಳು ಎಂದಿದ್ದಾರೆ. ಖರೇ ಸಂಗತಿಯನ್ನು ಮೂರು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ "ಓಕೆ ಮ್ಯಾಮ್, ಥ್ಯಾಂಕ್ಯೂ" ಎಂದು ಕಳಿಸಿದೆ.

ಥ್ಯಾಂಕ್ಯೂ ಬೇರೆ.